ಪಾಲಕರ ಸಹಿ

ಕಳೆದ ತಿಂಗಳು ಮಿರಜಿನ ಅಂಚೆ ಕಚೇರಿಯಲ್ಲಿ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿಗಾಗಿ ಗುಮಾಸ್ತ ಸ್ಟ್ಯಾಂಪ್ ಪ್ಯಾಡಿನ ತಗಡಿನ ಮುಚ್ಚಳ ತೆರೆದ. ನೇರಳೆ ಶಾಯಿಯ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಸೀಮೆಎಣ್ಣೆ, ಮೂಗಿಗೆ ಬಂತು. ವಾಸನೆ ಬಂದೊಡನೆ ಹಳೆಯ ದಿನಗಳು ಎದುರು ಬಂದು ನಿಲ್ಲುತ್ತವೆ ಎಂದು ಬರೆಯುವವರನ್ನು ನಾನು ನಂಬಿದವಳಲ್ಲ. ವಾಸನೆ ವಾಸನೆಯೇ, ಉಳಿದದ್ದು ಬರೆಯುವವರ ಸಡಗರ ಎಂದು ವಾದಿಸಬಲ್ಲೆ. ಆದರೆ ಅಂದು ಸರದಿ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಹಿಂದೆ ನಿಂತಿದ್ದವರು ಏನೂ ಕೇಳದೆ ಒಂದು ಹೆಜ್ಜೆ ಮುಂದೆ ಸರಿದರು.

ಮಹಾರಾಷ್ಟ್ರದೊಳಗಿನ ಕನ್ನಡ ಸೀಮೆಯಾದ ಜತ್ತ ತಾಲೂಕಿನಲ್ಲಿ ನಾನು ಕಳೆದದ್ದು ಒಂದೇ ಒಂದು ಚಳಿಗಾಲ. ಬಿ.ಎಡ್. ಎರಡನೆಯ ವರ್ಷ, ಕಾಲೇಜಿನವರು ನಾಲ್ಕು ತಿಂಗಳು ಶಾಲೆಯೊಂದರಲ್ಲಿ ಪಾಠ ಮಾಡಿ ಬನ್ನಿ ಎಂದು ಕಳಿಸಿದ್ದರು. ಜೊತೆಗೆ ಒಂದು ಸಂಶೋಧನಾ ವರದಿ ಬರೆಯಬೇಕು. ವಿಷಯವನ್ನು ಚೀಟಿ ಎತ್ತಿ ಕೊಟ್ಟರು. ನನ್ನ ಚೀಟಿಯಲ್ಲಿದ್ದದ್ದು: ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಗಳಲ್ಲಿ ಸಮಸ್ಯಾತ್ಮಕ ವರ್ತನೆಯ ಕಾರಣಗಳು. ನನಗೆ ಖುಷಿಯಾಯಿತು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಪರವೋ ವಿರೋಧವೋ ಎಂಬುದೂ ಅಲ್ಲಿ ಚೀಟಿ ಎತ್ತಿದ ಮೇಲೆಯೇ ಗೊತ್ತಾಗುತ್ತಿತ್ತು. ಯಾವ ಕಡೆ ಬಂದರೂ ಗೆಲ್ಲುತ್ತಿದ್ದೆ. ಮನೆಯ ಕಪಾಟಿನಲ್ಲಿ ಬಹುಮಾನದ ಢಾಲುಗಳು ಸಾಲಾಗಿ ನಿಂತಿದ್ದವು. ಗೆಳತಿಯರು ಅಷ್ಟು ಸಾಲಾಗಿ ಇರಲಿಲ್ಲ. ಚಹಾ ಕುಡಿಯುವಾಗಲೂ ಮಾತಿನ ತಪ್ಪು ಹಿಡಿಯುವವಳ ಪಕ್ಕ ಯಾರು ಕೂರುತ್ತಾರೆ?

ಊರಿನ ಹೆಸರು ಬೇಡ. ಮಾಡಗ್ಯಾಳದಲ್ಲಿ ಬಸ್ಸು ಬದಲಿಸಿ ಇನ್ನೂ ಅರ್ಧ ಗಂಟೆ ಹೋಗಬೇಕು. ದೀಪಾವಳಿಯ ರಜೆ ಮುಗಿದ ವಾರ ನಾನು ಹೋದೆ. ಅದೇ ವಾರ ಕುರಿಗಳು ಹೊರಟುಹೋಗಿದ್ದವು. ಗಿಳಿಯ ಕೊಕ್ಕಿನ ಹಾಗೆ ಮೂಗು ಬಾಗಿದ ಎತ್ತರದ ಕುರಿಗಳವು. ಅವುಗಳನ್ನು ಸಾಕುವ ಮನೆಗಳವರು ಚಳಿ ಬೀಳುತ್ತಲೇ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಯ ಹಸಿರು ಊರುಗಳಿಗೆ ಹೋಗುತ್ತಾರೆ. ಅಲ್ಲಿನ ರೈತರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾರೆ, ಮಳೆ ಬಿದ್ದ ಮೇಲೆ ಮರಳುತ್ತಾರೆ. ದೊಡ್ಡ ತರಗತಿಯ ಮಕ್ಕಳನ್ನು ಮಾತ್ರ ಶಾಲೆಗೆಂದು ಅಜ್ಜಿಯ ಹತ್ತಿರವೋ ಚಿಕ್ಕಪ್ಪನ ಮನೆಯಲ್ಲೋ ಬಿಟ್ಟು ಹೋಗುತ್ತಾರೆ. ನಾನು ಕಂಡ ಓಣಿಯಲ್ಲಿ ಅರ್ಧ ಬಾಗಿಲುಗಳಿಗೆ ಬೀಗ. ಗಾಳಿಗೆ ಹಿಕ್ಕೆಯ ಪುಡಿ ಹಾರುತ್ತಿತ್ತು. ಊರಿನಾಚೆ ಬಿಳಿಜೋಳ ಎದೆಯೆತ್ತರ ನಿಂತು ಸರಸರ ಎನ್ನುತ್ತಿತ್ತು, ಹಗಲೆಲ್ಲ.

ಹಮೀದಾ ಚಾಚಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ಕುರಿ ವ್ಯಾಪಾರಕ್ಕೆಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಚಾಚಿ ಊರಿನ ಶಾಲಾ ಸಮವಸ್ತ್ರಗಳನ್ನೆಲ್ಲ ಹೊಲಿಯುತ್ತಿದ್ದಳು. ಮೊದಲ ದಿನ "ಬರ್ರಿ ಬಾಯಿ, ಕುಂದ್ರಿ, ಚಾ ಕುಡೀರಿ" ಎಂದಳು. ಅಲ್ಲಿ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುತ್ತಾರೆ. ಕುಳಿತೆ. ಯಂತ್ರ ತುಳಿಯುತ್ತಲೇ ಅವಳು, ಈ ವರ್ಷದ ಹುಡುಗರು ಬರೀ ಬಾಯಿಬಡುಕರು, ಯಾರದೋ ದೃಷ್ಟಿ ತಾಕಿದೆ ಎಂದಳು. ನಾನು ದೃಷ್ಟಿ ಎಂಬುದು ಇಲ್ಲ ಎಂದು ಆರಂಭಿಸಿ ಸಾಕ್ಷ್ಯ ಎಂದರೇನು ಎಂಬಲ್ಲಿಗೆ ಮುಗಿಸಿದೆ. ಚಾಚಿ ನೂಲು ಕಡಿದು ನನ್ನನ್ನೇ ನೋಡಿದಳು.

"ನೀವು ಮಾತಾಡೂದು ಚಲೋ ಐತ್ರಿ ಬಾಯಿ. ರೇಡಿಯೋ ಹಚ್ಚಿದಂಗ. ನಡುವ ನಮಗ ಬಾಯಿ ಹಾಕಾಕ ಬರೂದಿಲ್ಲ, ಅಷ್ಟ."

ಮರುದಿನದಿಂದ ಚಹಾಕ್ಕೆ ಕರೆದಾಗಲೆಲ್ಲ ಈಗ ತಾನೆ ಕುಡಿದೆ ಎಂದು ಸುಳ್ಳು ಹೇಳಿದೆ.

ಶಾಲೆಯ ಶಿಕ್ಷಕರ ಕೋಣೆಯಲ್ಲೂ ಇದೇ ನಡೆಯಿತು. ಮಕ್ಕಳು ಯಾಕೆ ಕೆಡುತ್ತಾರೆ ಎಂದು ಕೇಳಿದರೆ ಒಬ್ಬೊಬ್ಬರ ಹತ್ತಿರ ಒಂದೊಂದು ಉತ್ತರ. ಒಂಬತ್ತನೆಯ ತರಗತಿಯ ಗಣಿತದ ಪಾಟೀಲ ಸರ್ ಮೊಬೈಲ್ ಎಂದರು.

"ಸರ್, ಮೊಬೈಲ್ ಇಲ್ಲದ ಕಾಲದಾಗ ಹುಡುಗ್ರು ಕಿಟಿಕಿ ಗಾಜು ಒಡೀತಿರಲಿಲ್ಲೇನ್ರಿ?" ಎಂದೆ.

"ಒಡೀತಿದ್ರು. ನಾನೇ ಎರಡ ಒಡದೀನಿ."

"ಅದಕ್ಕೇನು ಕಾರಣ?"

"ಕಿಟಿಕಿ ಹತ್ರ ಇತ್ರಿ," ಎಂದರು ಪಾಟೀಲ ಸರ್. ಎಲ್ಲರೂ ನಕ್ಕರು. ನಾನು ನಗದೆ, ಇದು ಉತ್ತರವಲ್ಲ ಎಂದು ತೋರಿಸಿಕೊಟ್ಟೆ. ಹೆಡ್‌ಸರ್ ಮನೆಯ ಸಂಸ್ಕಾರ ಎಂದರು, ಅದನ್ನೂ ಮುರಿದೆ. ಮೂರನೆಯ ವಾರಕ್ಕೆ ಊಟದ ಬಿಡುವಿನಲ್ಲಿ ನನ್ನ ಬೆಂಚಿನ ಎರಡೂ ಕಡೆ ಜಾಗ ಖಾಲಿ. ಅದನ್ನು ನಾನು ಬೌದ್ಧಿಕ ವಿಜಯ ಎಂದುಕೊಂಡೆ. ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುವಾಗ ನನ್ನ ದವಡೆಯ ಸದ್ದು ನನಗೇ ಕೇಳಿಸುತ್ತಿತ್ತು.

ಸಮಸ್ಯೆಯ ವಿದ್ಯಾರ್ಥಿಗಳ ಪಟ್ಟಿ ಕೊಡಿ ಎಂದಾಗ ಪಾಟೀಲ ಸರ್ ಬರೆದ ಮೊದಲ ಹೆಸರು ಮಾಯಕ್ಕ. ಒಂಬತ್ತನೆಯ ತರಗತಿ, ಕುರಿ ಸಾಕುವ ಬೀರಪ್ಪನ ಮಗಳು. ತಂದೆತಾಯಿ ಹಿಂಡಿನ ಜೊತೆ. ಅವಳು ಅಜ್ಜಿಯ ಜೊತೆ. ಎದುರುತ್ತರ ಕೊಡುತ್ತಾಳೆ. ಹಿಂದಿಯ ತಾಸಿಗೆ ಎದ್ದು ಹೋಗುತ್ತಾಳೆ. ಹುಡುಗರನ್ನೂ ಹೊಡೆಯುತ್ತಾಳೆ. ಕಚೇರಿಯ ಸ್ಟ್ಯಾಂಪ್ ಪ್ಯಾಡು ಕಾಣೆಯಾಗಿದೆ, ಅವಳ ಮೇಲೆ ಗುಮಾನಿ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬೇವಿನ ಮರದ ಹಿಂದೆ ಹತ್ತು ಮಕ್ಕಳನ್ನು ಸೇರಿಸಿಕೊಂಡು ಏನೋ ನಡೆಸುತ್ತಾಳೆ. ಹತ್ತಿರ ಹೋದರೆ ಚದುರುತ್ತಾರೆ. ನಾನು ವೀಕ್ಷಣಾ ಪತ್ರಿಕೆಯಲ್ಲಿ "ಗುಂಪುಗಾರಿಕೆ, ನಾಯಕತ್ವದ ವಿಕೃತ ರೂಪ" ಎಂದು ಬರೆದುಕೊಂಡೆ. ಬರೆದ ವಾಕ್ಯ ಚೆನ್ನಾಗಿದೆ ಎನಿಸಿತು.

ಪ್ರಶ್ನಾವಳಿ ತುಂಬಿಸಲು ಅವಳನ್ನು ಕರೆದೆ. ಮೊದಲ ಪ್ರಶ್ನೆ: ನಿನಗೆ ಶಾಲೆ ಇಷ್ಟವೇ? ಹೌದು, ಇಲ್ಲ, ಹೇಳಲಾರೆ.

"ಮೇಡಮ್ರಿ, ಎರಡಕ್ಕ ಗೀಟ ಹೊಡದ್ರ ನಡೀತೈತೇನ್ರಿ?"

"ಇಲ್ಲ. ಒಂದಕ್ಕ."

"ಹಂಗಾದ್ರ ಸೋಮವಾರ ಇಲ್ಲ. ಉಳದ ದಿನ ಹೌದು."

"ಸೋಮವಾರ ಯಾಕ ಇಲ್ಲ?"

ಅವಳು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. "ಅದನ್ನ ಬರ್ಯಾಕ ಇದರಾಗ ಜಾಗಾ ಇಲ್ಲಲ್ರಿ."

ಉಡಾಫೆ ಎಂದುಕೊಂಡು "ಅಸಂಗತ ಉತ್ತರ" ಎಂದು ಗುರುತು ಹಾಕಿದೆ. ಮುಂದೆ ಪಾಲಕರ ಶಿಕ್ಷಣದ ಕಲಂ ಬಂತು.

"ನಿಮ್ಮಪ್ಪ ಎಷ್ಟು ಕಲ್ತಾರ?"

"ಕುರಿ ಕಾಯ್ತಾರ್ರಿ."

"ನಿರಕ್ಷರ" ಎಂಬ ಚೌಕದಲ್ಲಿ ಗೀಟು ಎಳೆದೆ. ಅವಳು ಆ ಗೀಟನ್ನು ನೋಡಿದಳು. ಮುಂದಿನ ಪ್ರಶ್ನೆ ಯಾವುದೆಂದು ಹಾಳೆಯತ್ತ ಬಾಗಿದಳು.

ಆ ಶಾಲೆಯಲ್ಲಿ ಒಂದು ನಿಯಮವಿತ್ತು. ಪ್ರತಿ ವಿದ್ಯಾರ್ಥಿಗೂ ಒಂದು ಸಂಪರ್ಕ ವಹಿ. ವಾರದ ಅಭ್ಯಾಸ, ತಪ್ಪು, ಸೂಚನೆ ಎಲ್ಲ ಅದರಲ್ಲಿ ಬರೆದು ಶನಿವಾರ ಕೊಡುತ್ತಾರೆ. ಸೋಮವಾರ ಅದರಲ್ಲಿ ಪಾಲಕರ ಸಹಿ ಇರಬೇಕು, ತಂದೆ ಅಥವಾ ತಾಯಿಯದ್ದೇ. ನಮ್ಮಲ್ಲಿ ಪಾಲಕರ ಸಹಕಾರ ನೂರಕ್ಕೆ ನೂರು ಎಂದು ಹೆಡ್‌ಸರ್ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ನಂಬಲಿಲ್ಲ. ಅರ್ಧ ಓಣಿಗೆ ಬೀಗವಿರುವಾಗ ನೂರಕ್ಕೆ ನೂರು ಹೇಗೆ? ವರದಿಗೆ ಬೇಕು ಎಂದು ಹೇಳಿ ಒಂಬತ್ತನೆಯ ತರಗತಿಯ ವಹಿಗಳನ್ನೆಲ್ಲ ಕೋಣೆಗೆ ತಂದೆ.

ಎಳ್ಳಮವಾಸ್ಯೆಯ ದಿನ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಚಾಚಿ ಬಾಗಿಲಿಗೆ ಬಂದು, "ನಮ್ಮ ತಮ್ಮನ ಹೊಲಕ್ಕ ಹೊಂಟೀವ್ರಿ. ಸಜ್ಜಿ ಕಡಬು, ಭಜ್ಜಿಪಲ್ಲೆ ಐತಿ. ಬರ್ರಿ, ಮಾತಾಡಬ್ಯಾಡ್ರಿ, ಬರೇ ಉಣ್ರಿ" ಎಂದು ನಕ್ಕಳು. ಕೆಲಸವಿದೆ ಎಂದೆ. ಕೆಲಸವೂ ಇತ್ತು. ಅವರ ಗಾಡಿ ಹೋದ ಮೇಲೆ ಓಣಿಯಲ್ಲಿ ಒಂದು ನಾಯಿಯೂ ಉಳಿಯಲಿಲ್ಲ. ಅಂಗಳದ ಬಿಸಿಲಿನಲ್ಲಿ ವಹಿಗಳನ್ನು ಹರಡಿ ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಕುರಿಯವರ ಮಕ್ಕಳ ಹನ್ನೊಂದು ವಹಿಗಳಲ್ಲಿ ಸಹಿಯಿಲ್ಲ, ನೇರಳೆ ಹೆಬ್ಬಟ್ಟು. ಹನ್ನೊಂದರಲ್ಲೂ ಗೆರೆಗಳ ಮಧ್ಯೆ ಓರೆಯಾಗಿ ಒಂದು ಬಿಳಿ ಸೀಳು, ಸೀಳಿನ ಎರಡೂ ಬದಿಗೆ ಚುಕ್ಕೆ, ಹೊಲಿಗೆ ಹಾಕಿದ ಗಾಯದ ಹಾಗೆ. ಹನ್ನೊಂದು ತಂದೆಯರಿಗೆ ಒಂದೇ ಹೆಬ್ಬೆರಳು. ಖಾಲಿ ಓಣಿಯಲ್ಲಿ ನಾನೊಬ್ಬಳೇ ಎದ್ದು ನಿಂತೆ. ಯಾರಿಗಾದರೂ ಹೇಳಬೇಕಿತ್ತು. ಯಾರೂ ಇರಲಿಲ್ಲ. ಆ ಅರ್ಧ ದಿನವನ್ನು ನಾನು ಮರುದಿನದ ಭಾಷಣ ಸಿದ್ಧಮಾಡುತ್ತ ಕಳೆದೆ.

ಮೊದಲು ಮಾಯಕ್ಕನನ್ನೋ ಬೇರೆ ಮಕ್ಕಳನ್ನೋ ಕರೆದು ಕೇಳಬಹುದಿತ್ತು. ಇದನ್ನು ಈಗ ಬರೆಯುವುದು ಸುಲಭ. ಅಂದು ನನಗೆ ಬೇಕಾಗಿದ್ದದ್ದು ಉತ್ತರವಲ್ಲ, ಸಭೆ. ಊಟದ ಬಿಡುವಿನಲ್ಲಿ ಎಲ್ಲರೂ ಇದ್ದಾಗ ಹನ್ನೊಂದು ವಹಿಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ವರ್ಷದಲ್ಲಿ ಏಳು ತಿಂಗಳು ಊರಲ್ಲಿ ಇರದ ಪಾಲಕರಿಂದ ವಾರಕ್ಕೊಂದು ಸಹಿ ಕೇಳುವ ಪದ್ಧತಿಯೇ ಸುಳ್ಳನ್ನು ಹುಟ್ಟಿಸುತ್ತದೆ, ತಪ್ಪು ಮಕ್ಕಳದ್ದಲ್ಲ, ನಿಯಮದ್ದು ಎಂದು ಐದು ನಿಮಿಷ ಮಾತಾಡಿದೆ. ಒಳ್ಳೆಯ ಮಾತು. ಈಗಲೂ ಅದರಲ್ಲಿ ಒಂದು ಶಬ್ದ ಬದಲಿಸಲಾರೆ. ಯಾರೂ ಎದುರಾಡಲಿಲ್ಲ.

ಹೆಡ್‌ಸರ್ ಕನ್ನಡಕ ತೆಗೆದು ವಹಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಶಾಬ್ಬಾಸ್ ಮೇಡಮ್. ಇದು ಯಾರ ಹೆಬ್ಬಟ್ಟು?"

ಆ ಪ್ರಶ್ನೆಯನ್ನು ನಾನು ಹಾಕಿಕೊಂಡಿರಲೇ ಇಲ್ಲ. ಗೊತ್ತಿಲ್ಲ ಎಂದೆ. ಪಾಟೀಲ ಸರ್ ಮಾತ್ರ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿ, ಬೇಸರದ ದನಿಯಲ್ಲಿ ಹೇಳಿದರು:

"ಕುರಿ ಉಣ್ಣೆ ಕತ್ತರಿಸೂ ಮುಂದ ಹೆಬ್ಬೆರಳ ಕೊಯ್ಕೊಂಡಿದ್ಳು. ನಾನೇ ಗಾಡಿ ಮ್ಯಾಲ ದವಾಖಾನಿಗೆ ಒಯ್ದಿದ್ದೆ. ಮೂರ ಹೊಲಿಗಿ. ಮಾಯಕ್ಕಂದದು."

ಮಾಯಕ್ಕನನ್ನು ಕರೆಸಿದರು. ಅಂಗೈ ತಿರುಗಿಸು ಎಂದರು. ಅವಳು ತಿರುಗಿಸಿದಳು, ಇಲ್ಲ ಎನ್ನಲಿಲ್ಲ. ಮೇಜಿನ ಮೇಲಿನ ವಹಿಗಳನ್ನು, ಆಮೇಲೆ ನನ್ನನ್ನು ನೋಡಿದಳು.

ಹೆಡ್‌ಸರ್ ಕೂಗಾಡಲಿಲ್ಲ. ಅವರು ಕೂಗಾಡುವ ಮನುಷ್ಯರಲ್ಲ. "ಮುಂದಿನ ವರ್ಷ ಹತ್ತನೇತ್ತಾ. ನಮ್ಮ ಸಾಲಿ ನಿಕಾಲ ನೂರಕ್ಕ ನೂರು ಬರಬೇಕು. ಇಕಿ ಹಿಂದಿನೂ ಅಷ್ಟಕ್ಕಷ್ಟ, ನಡತಿ ಹಿಂಗ. ಹದಿನೇಳು ನಂಬರ ಫಾರ್ಮಿಗೆ ಹಾಕೂನು. ಎಂಟ ದಿವಸದಾಗ ಅವರಪ್ಪ ಬಂದು ಭೇಟಿ ಆಗಲಿ," ಎಂದರು.

ಹದಿನೇಳು ನಂಬರ ಫಾರ್ಮು ಎಂದರೆ ಶಾಲೆ ಬಿಟ್ಟವರು ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂರಲು ತುಂಬುವ ಅರ್ಜಿ. ಬಿಟ್ಟುಹೋದವರಿಗೆ ಅದು ಮರಳಿ ಬರುವ ದಾರಿ. ಅನುಮಾನದ ಮಕ್ಕಳನ್ನು ಒಂಬತ್ತರಲ್ಲೇ ಶಾಲೆ ಬಿಟ್ಟ ದಾಖಲೆ ಕೊಟ್ಟು ಕಳಿಸಿ ನಿಕಾಲವನ್ನು, ಎಂದರೆ ಫಲಿತಾಂಶವನ್ನು, ಚೊಕ್ಕಟವಾಗಿಡಲು ಅದೇ ದಾರಿ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಅಂದು ತಿಳಿಯಿತು. ಸಂಜೆ ಚಾಚಿಗೆ ಹೇಳಿದೆ. ಮೊದಲ ಸಲ ನಾನಾಗಿ ಅವಳ ಕೋಣೆಗೆ ಹೋಗಿದ್ದೆ. ಅವಳು ಯಂತ್ರ ನಿಲ್ಲಿಸಿದಳು.

"ಸಾಲಿ ಬಿಟ್ಟ ಹುಡುಗಿ ಮನ್ಯಾಗ ಕುಂತು ಓದತಾಳೇನ್ರಿ? ವರ್ಷದಾಗ ಲಗ್ನದ ಮಾತು ಬರತಾವು. ಪರೀಕ್ಷಾ ಯಾರ ನೆನಸ್ತಾರ?"

ಮರುದಿನ ಬೇವಿನ ಮರದ ಹಿಂದೆ ಮಾಯಕ್ಕ ಒಬ್ಬಳೇ ಸಿಕ್ಕಳು. ಯಾಕೆ ಮಾಡಿದೆ ಎಂದು ಕೇಳಿದೆ.

"ಸಹಿ ಇರಲಿಲ್ಲಂದ್ರ ಸೋಮವಾರ ಮೊದಲನೇ ತಾಸು ಹೊರಗ ನಿಂದ್ರಸ್ತಾರ್ರಿ. ಮೊದಲನೇ ತಾಸು ಗಣಿತ. ನನಗ ಗಣಿತ ತಪ್ಪಿಸಿಕೊಳ್ಳಾಕ ಆಗೂದಿಲ್ರಿ."

"ಉಳದ ಹತ್ತು ಮಂದೀದು?"

"ಅವರೂ ಹೊರಗ ನಿಲ್ಲತಿದ್ರಲ್ರಿ." ಸ್ವಲ್ಪ ತಡೆದು, "ಅವರು ನನ್ನ ಹಿಂದಿ ಬರದ ಕೊಡತಿದ್ರು. ಒಂದ ಹೆಬ್ಬಟ್ಟಿಗೆ ಒಂದ ಪುಟ."

"ಇದನ್ನ ನನಗ ಹೇಳಬೇಕಿತ್ತು."

"ನೀವು ಕೇಳಿದ್ದಕ್ಕೆಲ್ಲಾ ಹೇಳೀನ್ರಿ ಮೇಡಮ್. ಹೌದು, ಇಲ್ಲ ಅಂತ ಅಷ್ಟ ಇತ್ತು ಅದರಾಗ."

ನನ್ನ ಉತ್ತರಕ್ಕೆ ಕಾಯದೆ ಅವಳು ತರಗತಿಯ ಕಡೆ ನಡೆದಳು.

ಅಜ್ಜಿಯಿಂದ ನಂಬರು ಪಡೆದು ಬೀರಪ್ಪನಿಗೆ ಫೋನ್ ಮಾಡಿದೆ. ಗಾಳಿ, ಕುರಿಗಳ ಸದ್ದು, ನಡುವೆ ಅವನ ದನಿ. ಎಲ್ಲ ಹೇಳಿದೆ. "ಕುರಿ ಈಯೂ ವ್ಯಾಳೇರಿ ಬಾಯಾರ. ನಾ ಬಂದ್ರ ಇಲ್ಲಿ ನಮ್ಮಕಿ ಒಬ್ಬಾಕಿನ ಆಗತಾಳ," ಎಂದ. ಫೋನ್ ಹಿಡಿದೇ ಹೆಂಡತಿಯನ್ನು ಕೂಗಿ ಏನೋ ಕೇಳಿದ. "ಬರತೀನ್ರಿ," ಎಂದು ಇಟ್ಟುಬಿಟ್ಟ.

ಅಷ್ಟರಲ್ಲಿ ಹೆಡ್‌ಸರ್ ನನ್ನ ವರದಿಯಿಂದ, ವಹಿಗಳನ್ನು ನೋಡುವ ಮುಂಚೆಯೇ ನಾನು ಬರೆದಿಟ್ಟಿದ್ದ ಮಾಯಕ್ಕನ ಪುಟದ ನಕಲು ಕೇಳಿ ಪಡೆದಿದ್ದರು. ಸಂಶೋಧನೆಗೆ ಸಂಬಂಧಿಸಿದ್ದು, ಗುಪ್ತವಾಗಿರಬೇಕು ಎಂದು ನಾನು ವಾದಿಸಬಹುದಿತ್ತು. ಅವರು ಹೊಗಳಿ ಕೇಳಿದ್ದರು. ಕೊಟ್ಟಿದ್ದೆ.

ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಬೀರಪ್ಪ ಬಂದ. ತೆಳ್ಳನೆಯ ಎತ್ತರದ ಮನುಷ್ಯ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ರುಮಾಲು. ಕಚೇರಿಯಲ್ಲಿ ಹೆಡ್‌ಸರ್, ಪಾಟೀಲ ಸರ್, ನಾನು. ಮಾಯಕ್ಕ ಬಾಗಿಲಲ್ಲಿ. ಹೆಡ್‌ಸರ್ "ಕುಂದ್ರಪಾ" ಎಂದರು. ಅವನು ನಿಂತೇ ಇದ್ದ. ಹೆಡ್‌ಸರ್ ನನ್ನ ಪುಟವನ್ನು ಮೇಜಿನ ಮೇಲೆ ತಟ್ಟಿ, "ನೋಡು, ಇದು ನಾ ಹೇಳೂದಲ್ಲ. ಮೇಡಮ್ಮಾರು ಶಾಸ್ತ್ರೋಕ್ತ ಅಭ್ಯಾಸ ಮಾಡ್ಯಾರ. ನಿನಗ ಓದಿ ಹೇಳಬೇಕಂದ್ರ..." ಎಂದು ಆರಂಭಿಸಿದರು.

"ಕೊಡ್ರಿ ಸರ್," ಎಂದು ಬೀರಪ್ಪ ಕೈ ಚಾಚಿದ.

ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ಅವನು ಗಟ್ಟಿಯಾಗಿ ಓದಿದ, ತಡವರಿಸದೆ, ಪೂರ್ಣವಿರಾಮಕ್ಕೆ ನಿಂತು. "ಪಾಲಕರು ನಿರಕ್ಷರರು. ಮಗಳ ಶಿಕ್ಷಣದ ಬಗ್ಗೆ ನಿರಾಸಕ್ತರು. ವರ್ಷದ ಬಹುಭಾಗ ಗೈರುಹಾಜರಾಗಿರುವ ಇವರ ನಿರ್ಲಕ್ಷ್ಯವೇ ವರ್ತನೆಯ ಮೂಲ ಕಾರಣ."

ಹೊರಗೆ ಏಳನೆಯ ತರಗತಿಯವರು ಮಗ್ಗಿ ಹೇಳುತ್ತಿದ್ದರು.

"ನಾ ಈ ಸಾಲ್ಯಾಗ ಒಂಬತ್ತನೇತ್ತಾ ತನಕಾ ಕಲ್ತೀನ್ರಿ ಸರ್," ಎಂದ ಬೀರಪ್ಪ. "ನೀವು ಬರೂಕಿಂತ ಮೊದಲು. ಇಕಿ ಪ್ರವೇಶದ ಅರ್ಜಿ ತುಂಬಿದ್ದೂ ನಾನ. ಕಪಾಟದಾಗ ಇರಬೇಕ್ರಿ." ಆಮೇಲೆ ಬಾಗಿಲ ಕಡೆ ತಿರುಗಿದ. "ಯವ್ವಾ, ನನ್ನ ಸಹಿ ನಿನಗ ಹೊಡ್ಯಾಕ ಬರತೈತಿ. ಹೆಬ್ಬಟ್ಟ ಯಾಕ ಒತ್ತಿದಿ?"

ಮಾಯಕ್ಕ ತಲೆ ಎತ್ತಲಿಲ್ಲ. "ಸಹಿ ಮಾಡಿದ್ರ ಖರೇನೋ ಸುಳ್ಳೋ ಅಂತ ನೋಡ್ತಾರ ಎಪ್ಪಾ. ಕುರಿಯಾವ್ರ ಹೆಬ್ಬಟ್ಟಂದ್ರ ಯಾರೂ ನೋಡಂಗಿಲ್ಲ."

ಸರಿಯಾದ ಲೆಕ್ಕಾಚಾರ. ಇಡೀ ಶಾಲೆ ವರ್ಷಗಟ್ಟಲೆ ನೋಡಿರಲಿಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಹೆಬ್ಬಟ್ಟಿನ ಗೆರೆಗಳನ್ನು ನೋಡಿದ್ದೆ. ಹೆಬ್ಬಟ್ಟೇ ಯಾಕೆ ಎಂದು ಒಮ್ಮೆಯೂ ಅನುಮಾನಿಸಿರಲಿಲ್ಲ. ಕಚೇರಿಯ ಕಪಾಟು ನನ್ನ ಬೆಂಚಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

"ಆ ಪುಟ ತಪ್ಪು, ಸರ್," ಎಂದೆ. "ಬರೆದದ್ದು ನಾನು. ಸಾಕ್ಷ್ಯ ನೋಡದೆ ಬರೆದೆ. ಅದರ ಮೇಲೆ ನೀವು ಹದಿನೇಳು ನಂಬರು ಮಾಡುವಂತಿಲ್ಲ. ಮಾಡಿದರೆ ನಾನು ಶಿಕ್ಷಣಾಧಿಕಾರಿಗಳಿಗೆ ಬರೆಯುತ್ತೇನೆ. ನಿಮ್ಮ ನೂರಕ್ಕೆ ನೂರು ಹೇಗೆ ಬರುತ್ತದೆ ಎಂಬುದನ್ನೂ ಬರೆಯುತ್ತೇನೆ." ದನಿ ಏರಿತ್ತು. ವೇದಿಕೆಯ ಮೇಲೆ ಬರುವ ಆ ಕಾವು ಮೈಗೆ ಬಂದಿತ್ತು, ಗೆಲ್ಲುತ್ತೇನೆ ಎಂದು ಗೊತ್ತಾದಾಗ ಬರುವಂಥದ್ದು.

ಹೆಡ್‌ಸರ್ ನನ್ನನ್ನು ಸಮಾಧಾನದಿಂದ ನೋಡಿದರು. "ಬರೀರಿ ಮೇಡಮ್. ನೀವು ಮಾರ್ಚಕ್ಕ ಹೋಗತೀರಿ. ಈ ಹುಡುಗಿ ಮುಂದಿನ ವರ್ಷಾನೂ ಇಲ್ಲೇ ಕುಂದ್ರಬೇಕು. ಅವಾಗ ಎಲ್ಲಾರಿಗೂ ಯಾರ ಮ್ಯಾಲ ಸಿಟ್ಟಿರತೈತಿ, ಅದನ್ನ ಹೇಳ್ರಿ."

ಪಾಟೀಲ ಸರ್ ನೆಲ ನೋಡುತ್ತಿದ್ದರು. ಬೀರಪ್ಪ ನನ್ನ ಕಡೆ ಸಣ್ಣದಾಗಿ ಕೈ ಎತ್ತಿದ, ಸಾಕು ಎನ್ನುವ ಹಾಗೆ. ಆ ಮಾತಿಗೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು. ಮೂರೂ ಒಳ್ಳೆಯವು. ಒಂದೊಂದರ ಬೆಲೆಯನ್ನೂ ಬಾಗಿಲಲ್ಲಿ ನಿಂತವಳು ಕೊಡಬೇಕಿತ್ತು. ಸುಮ್ಮನಾದೆ. ಜೀವನದಲ್ಲಿ ಮೊದಲ ಸಲ, ಸೋಲದೆ ಸುಮ್ಮನಾದೆ. ಅದರ ರುಚಿ ಸೋಲಿಗಿಂತ ಕಹಿ. ಬಳಿಕ ಕೈ ಜೋಡಿಸಿ, "ನನ್ನದು ತಪ್ಪಾಯಿತು ಸರ್, ಬರೆಯೂದಿಲ್ಲ. ಅಕಿನ್ನ ಇಟ್ಟುಕೊಳ್ರಿ," ಎಂದೆ.

ಇಟ್ಟುಕೊಂಡರು. ಎರಡು ಷರತ್ತು ಹಾಕಿದರು. ಊರಲ್ಲಿರುವ, ಓದುಬರಹ ಬಲ್ಲ ಒಬ್ಬರು ಸ್ಥಳೀಯ ಪಾಲಕರಾಗಿ ಪ್ರತಿ ಸೋಮವಾರಕ್ಕೆ ಸಹಿ ಮಾಡಬೇಕು. ತಂದೆ ಕ್ಷಮಾಪಣೆ ಬರೆದುಕೊಡಬೇಕು. ಬೀರಪ್ಪ ಆಗ ಕುಳಿತ, ಕಂಬಳಿಯನ್ನು ಮಡಿಲಲ್ಲಿಟ್ಟು. ಹೆಡ್‌ಸರ್ ಹೇಳುತ್ತ ಹೋದರು, ಅವನು ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತ ಹೋದ. ಒಂದು ಕಡೆ ಪೆನ್ನು ನಿಲ್ಲಿಸಿದ.

"ಸರ್, ತಪ್ಪು ಅಂತ ಒಂದ ಸಲ ಬರದೀನ್ರಿ. ಮೂರ ಸಲ ಯಾಕ್ರಿ?"

"ಬರಿಯಪಾ, ಬರಿ. ವಜನ ಬರತೈತಿ," ಎಂದರು ಹೆಡ್‌ಸರ್.

ಬರೆದ. ನಾನು ನಿಂತು ನೋಡಿದೆ. ತಾನು ಮಾಡದ ತಪ್ಪಿಗೆ ಒಬ್ಬ ತಂದೆ ಮಗಳ ಎದುರು ಕ್ಷಮೆ ಬರೆಯುತ್ತಿದ್ದ, ನನ್ನ ವಾಕ್ಯಗಳ ಪಕ್ಕದಲ್ಲೇ ಹಾಳೆ ಇಟ್ಟುಕೊಂಡು.

ಹನ್ನೆರಡರ ಬಸ್ಸಿಗೆ ಅವನು ಮರಳಬೇಕಿತ್ತು. ರಸ್ತೆಯ ತನಕ ಜೊತೆಗೆ ಹೋದೆ. ಕ್ಷಮೆ ಕೇಳಬೇಕೆಂದು ಹೋದವಳು ಬಸ್ಸು ಕಾಣಿಸುವ ತನಕವೂ ಮಾತು ಹುಡುಕುತ್ತಿದ್ದೆ. ಅವನೇ ಕೇಳಿದ.

"ಬಾಯಾರ, ನಿರಾಸಕ್ತ ಅಂದ್ರ ಆಸ್ಥಾ ಇಲ್ಲದಾವ ಅಂತ ಹೌದಲ್ರಿ?"

"ಹೌದ್ರಿ."

"ಅದೊಂದ ತಗೀರಿ. ನಿರಕ್ಷರ ಇದ್ರೂ ನಡೀತಿತ್ತು."

ಬಸ್ಸು ಧೂಳೆಬ್ಬಿಸಿ ನಿಂತಿತು. ಅವನು ಹತ್ತಿ ಕಿಟಕಿಯ ಪಕ್ಕ ಕುಳಿತ, ಮುಖವನ್ನು ರುಮಾಲಿನಿಂದ ಒರೆಸಿಕೊಂಡ. ನಾನು ಅಲ್ಲೇ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಜೋಳ ಹಾಲು ತುಂಬಿ ತೆನೆ ಬಾಗಿತ್ತು. ದಾರಿಯಲ್ಲಿ ಹೋಗುವವರು ಗುರುತು ಹಿಡಿದು "ಏನ್ರಿ ಬಾಯಿ" ಎನ್ನುತ್ತಿದ್ದರು, ನಿಲ್ಲುತ್ತಿರಲಿಲ್ಲ.

ಸ್ಥಳೀಯ ಪಾಲಕಿಯಾಗಿ ಹಮೀದಾ ಚಾಚಿ ಸಹಿ ಹಾಕಿದಳು. ನಾನು ಕೇಳುವ ಮೊದಲೇ ಮಾಯಕ್ಕನ ಅಜ್ಜಿ ಬಂದು ಕೇಳಿದ್ದಳಂತೆ. ಉಳಿದ ಹತ್ತು ಮಕ್ಕಳಿಗೂ ನಾನೇ ಹಾಕುತ್ತೇನೆ ಎಂದು ಚಾಚಿ ಶಾಲೆಗೆ ಹೋಗಿ ಹೇಳಿದಳು. ಒಬ್ಬಾಕಿ ಹನ್ನೊಂದು ಮಕ್ಕಳಿಗೆ ಹೇಗೆ ಪಾಲಕಿ ಆಗುತ್ತಾಳೆ ಎಂದು ಹೆಡ್‌ಸರ್ ಒಪ್ಪಲಿಲ್ಲ. "ಹನ್ನೊಂದೂ ಮಕ್ಕಳ ಅಂಗಿ ನಾನ ಹೊಲದೀನಿ, ಅಳತಿ ಬಾಯಿಪಾಠ ಐತಿ ಅಂದ್ನಿ," ಎಂದಳು ಚಾಚಿ ನನಗೆ. "ನಕ್ಕರು. ಚಾ ಕುಡಿಸಿ ಕಳಿಸಿದ್ರು."

ಮಾಯಕ್ಕ ಶಾಂತಳಾದಳು. ಎದುರುತ್ತರವಿಲ್ಲ, ಹಿಂದಿಯ ತಾಸಿನಲ್ಲೂ ಕೂರುತ್ತಿದ್ದಳು, ಕೈ ಎರಡೂ ಡೆಸ್ಕಿನ ಮೇಲೆ. ಇದನ್ನು ವರದಿಯಲ್ಲಿ ಬರೆಯಿರಿ, ಉಪಾಯ ಫಲಿಸಿತು ಎಂದು ಹೆಡ್‌ಸರ್ ಹೇಳಿದರು. ನಾನು ಬರೆಯಲಿಲ್ಲ. ಅವಳ ಪುಟವನ್ನು ಮೊದಲಿನಿಂದ ಮತ್ತೆ ಬರೆದೆ, ಮೂಲ ಕಾರಣ ಎಂಬ ಜಾಗದಲ್ಲಿ ಸೋಮವಾರದ ನಿಯಮವನ್ನು ವಿವರಿಸಿ, ಊರು ಶಾಲೆಗಳ ಹೆಸರು ತೆಗೆದು. ಕಾಲೇಜಿನ ಮಾರ್ಗದರ್ಶಕರು ಅದು ವಿದ್ಯಾರ್ಥಿಯ ಕಾರಣವಲ್ಲ, ಶಾಲೆಯದ್ದು, ವಿಷಯಾಂತರ ಎಂದು ಅಂಚಿನಲ್ಲಿ ಬರೆದು ಪಾಸಾಗುವಷ್ಟು ಅಂಕ ಕೊಟ್ಟರು. ಮುಂದಿನ ವರ್ಷ ಮಾಯಕ್ಕ ಅದೇ ಶಾಲೆಯಿಂದ ಹತ್ತನೆಯ ಪರೀಕ್ಷೆ ಬರೆದು ಪಾಸಾದಳು ಎಂದು ಚಾಚಿ ಫೋನಿನಲ್ಲಿ ಹೇಳಿದಳು. ಗಣಿತದಲ್ಲಿ ಎಷ್ಟು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳುವ ಹಕ್ಕು ಇದೆಯೇ ಎಂದು ನನ್ನೊಳಗೇ ಎರಡು ಪಕ್ಷಗಳಾದವು.

ಹೇಳದೆ ಉಳಿದದ್ದು ನನ್ನ ಕೊನೆಯ ಸೋಮವಾರ. ಪಾಟೀಲ ಸರ್ ರಜೆಯಲ್ಲಿದ್ದರು. ಮೊದಲನೆಯ ತಾಸನ್ನು ನನಗೆ ಹಚ್ಚಿದ್ದರು. ಸಹಿಯಿಲ್ಲದ ಹತ್ತು ಮಕ್ಕಳು ಆಗಲೇ ಹೊರಗೆ, ಗೋಡೆಗೆ ಬೆನ್ನು ಹಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಬಿಸಿಲಿನಲ್ಲಿ ನಿಂತಿದ್ದರು. ಒಳಗೆ ಬನ್ನಿ ಎಂದೆ. "ಬ್ಯಾಡ್ರಿ ಮೇಡಮ್, ಹೆಡ್‌ಸರ್ ಬೈತಾರ," ಎಂದ ಒಬ್ಬ. ನಾಳೆ ಇರದವಳ ಮಾತನ್ನು ಅವರು ಯಾಕೆ ಕೇಳಬೇಕು? ಹಾಜರಿ ತೆಗೆದುಕೊಂಡೆ. ಮಾಯಕ್ಕ ಹಾಜರಿ ಹೇಳಿದಳು. ಅವಳ ವಹಿ ಡೆಸ್ಕಿನ ಮೇಲಿತ್ತು, ಚಾಚಿಯ ಸಹಿಯೊಂದಿಗೆ. ನಾನು ಪುಸ್ತಕ ತೆರೆಯುವಷ್ಟರಲ್ಲಿ ಅವಳು ಎದ್ದಳು. ಗಣಿತದ ಪುಸ್ತಕ, ಬರೆಯುವ ವಹಿ, ಪೆನ್ನು ತೆಗೆದುಕೊಂಡು ಬಾಗಿಲು ದಾಟಿ ಹೋಗಿ ಸಾಲಿನ ತುದಿಯಲ್ಲಿ ನಿಂತಳು.

ಅವಳನ್ನು ತಡೆಯಲಿಲ್ಲ. ಗೋಡೆಯ ಕಡೆಯ ಎರಡೂ ಕಿಟಕಿ ತೆರೆದು, ಫಲಕದ ಮೇಲೆ ಲೆಕ್ಕ ಆರಂಭಿಸಿದೆ. ಹೊರಗಿನವರಿಗೆ ಫಲಕ ಕಾಣುವುದಿಲ್ಲ, ಆದ್ದರಿಂದ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ, ಭಾಷಣದ ಅಭ್ಯಾಸವಿದ್ದ ದನಿಯನ್ನೆಲ್ಲ ಹಾಕಿ, ಬರೆಯುತ್ತ ಹೋದೆ. ಗಣಿತ ನನ್ನ ವಿಷಯವಲ್ಲ. ಆದರೂ ಆತ್ಮವಿಶ್ವಾಸದಿಂದಲೇ ಒಂದು ಪದವನ್ನು ಸಮೀಕರಣದ ಆಚೆಗೆ ಒಯ್ದೆ. ಒಳಗೆ ಕೂತವರು ಸುಮ್ಮನೆ ಬರೆದುಕೊಂಡರು. ಹೊರಗೆ ಹನ್ನೊಂದು ತಲೆಗಳು ಅಂಗೈ ಮೇಲಿನ ವಹಿಗಳತ್ತ ಬಾಗಿದ್ದವು.

"ಮೇಡಮ್ರಿ," ಎಂದಿತು ಸಾಲಿನ ತುದಿಯಿಂದ ಒಂದು ದನಿ, ವಹಿಯಿಂದ ತಲೆ ಎತ್ತದೆ. "ಆಚಿಗೆ ಹೋದ್ರ ಅದು ಮೈನಸ್ ಆಗತೈತ್ರಿ."

ಫಲಕ ನೋಡಿದೆ. ಅಳಿಸಿ, ಮೈನಸ್ ಹಾಕಿ, ಮುಂದಿನ ಹೆಜ್ಜೆಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದೆ.